10 ಲೀಟರಿನ ಚೀನಿ ಭರಣಿ: ಮಿಡಿ ಹಾಕುವವರು ಕೊಳ್ಳಬಹುದಾ?

ಮಾವಿನ ಮಿಡಿ ಉಪ್ಪಿನಕಾಯಿ ಹಾಕುವ ಮನೆಯಾದರೆ ಖಂಡಿತ ಕೊಳ್ಳಿ. ಪ್ಲಾಸ್ಟಿಕ್ ಬೇಡ, ಸ್ಟೀಲಂತೂ ಬೇಡವೇ ಬೇಡ. ಗಾಜಿಗೆ ಬೇರೆ ಕೆಲಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಮನೆಯ ಭರಣಿ ಸಾಗರ ಪೇಟೆಯ ಪಾತ್ರೆ ಅಂಗಡಿಯಲ್ಲಿ ಕೊಂಡದ್ದು. ಮೇಲೆ ಕಂದು, ಕೆಳಗೆ ಕೆನೆ ಬಣ್ಣ. ಮೈಮೇಲೆ ಕಂಪನಿ ಹೆಸರಿಲ್ಲ, ಹೂವಿನ ಚಿತ್ತಾರವೂ ಇಲ್ಲ. ಖುರ್ಜಾದ ಮಾಲು ಅಂತ ಅಂಗಡಿಯವರು ಹೇಳಿದರು. ಉತ್ತರ ಪ್ರದೇಶದ ಖುರ್ಜಾ ಚೀನಿ ಮಣ್ಣಿನ ಸಾಮಾನಿಗೆ ಹೆಸರಾದ ಊರು. ಎಲ್ಲಿಂದಲೇ ಬಂದಿರಲಿ, ಈ ಭರಣಿ ನಮ್ಮಲ್ಲಿ ಹಲವು ಮಿಡಿ ಕಾಲ ದಾಟಿದೆ. ಒಂದು ಮಿಡಿಯೂ ಮೆತ್ತಗಾಗಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಿಡಿ ಕಾಲದ ಗಡಿಬಿಡಿ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಿತ್ತಲಲ್ಲಿ ಪರಿಮಳದ ಮಿಡಿ ಬಿಡುವ ಅಪ್ಪೆ ಮಾವಿನ ಮರ ಒಂದೇ ಒಂದು ಇದ್ದರೂ ಸಾಕು. ಅದು ಫಲ ಕಚ್ಚಿದ ವರ್ಷ ಮನೆಯವರನ್ನೆಲ್ಲ ಕೆಲಸಕ್ಕೆ ಹಚ್ಚುತ್ತದೆ. ಮಿಡಿ ಎಳೆಯದಿರುವಾಗಲೇ, ಒಳಗೆ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಒಂದು ವಾರ ತಡವಾದರೆ ಅದು ಮಿಡಿಯಲ್ಲ, ಕಾಯಿ. ಕೊಯ್ದದ್ದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಕೂರುವ ಹಾಗೂ ಇಲ್ಲ. ಅದೇ ದಿನ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ ಉಪ್ಪಿಗೆ ಬೀಳಬೇಕು. ನೆಲಕ್ಕೆ ಉದುರಿ ಪೆಟ್ಟಾದ ಮಿಡಿ ಒಂದು ಸೇರಿದರೂ ಪಕ್ಕದ ನಾಲ್ಕನ್ನು ಹಾಳು ಮಾಡುತ್ತದೆ. ಅದಕ್ಕೇ ಮರ ಹತ್ತುವವರು ಸಿಗುವ ಮೊದಲೇ ಭರಣಿ ತೊಳೆದು, ಒಣಗಿಸಿ ಸಿದ್ಧ ಇಟ್ಟಿರಬೇಕು. ಮರ ಇಲ್ಲದವರು ರಿಪ್ಪನ್‌ಪೇಟೆ ಕಡೆಯಿಂದ ತರಿಸುತ್ತಾರೆ. ಅಲ್ಲಿ ಮಿಡಿಯನ್ನು ತೂಕಕ್ಕಲ್ಲ, ಎಣಿಸಿ ಮಾರುತ್ತಾರೆ. ಅಷ್ಟು ದುಡ್ಡು ಕೊಟ್ಟು ತಂದದ್ದನ್ನು ಎಂಥದೋ ಡಬ್ಬಕ್ಕೆ ತುಂಬಿಡಲು ಮನಸ್ಸು ಬರುವುದಾದರೂ ಹೇಗೆ?

ಈಗ ಭರಣಿಯ ವಿಷಯ. 10 ಲೀಟರಿನದಕ್ಕೆ ಸುಮಾರು 6 ಕೆಜಿ ಮಿಡಿ, ಒಂದೂವರೆ ಕೆಜಿ ಹರಳುಪ್ಪು ಹಿಡಿಯುತ್ತದೆ. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು ನಮ್ಮ ಲೆಕ್ಕ. ಮಿಡಿಯನ್ನು ಅರ್ಧ ಇಂಚು ತೊಟ್ಟು ಬಿಟ್ಟು ಕತ್ತರಿಸಿರುತ್ತೇವೆ. ಪೂರ್ತಿ ಕಿತ್ತರೆ ಸೊನೆ ಸೋರಿ ಹೋಗುತ್ತದೆ, ಅಪ್ಪೆಯ ಪರಿಮಳ ಇರುವುದೇ ಆ ಸೊನೆಯಲ್ಲಿ. ತೊಳೆದು, ಬಟ್ಟೆಯ ಮೇಲೆ ಹರವಿ, ಒಂದು ಹನಿ ನೀರೂ ಇಲ್ಲದ ಹಾಗೆ ಆರಿಸಿ, ಒಂದು ಪದರ ಮಿಡಿ ಒಂದು ಪದರ ಉಪ್ಪು ಅಂತ ತುಂಬುತ್ತೇವೆ. ಮೇಲೆ ಮತ್ತೆ ಉಪ್ಪು.

ಮೊದಲ ದಿನ ಏನೂ ಆದ ಹಾಗೆ ಕಾಣುವುದಿಲ್ಲ. ಎರಡು ಮೂರು ದಿನ ಕಳೆದು ಮುಚ್ಚಳ ತೆಗೆದರೆ ತಳದಲ್ಲಿ ನೀರು ನಿಂತಿರುತ್ತದೆ. ನಾವು ಹಾಕಿದ ನೀರಲ್ಲ, ಉಪ್ಪು ಮಿಡಿಯ ಒಳಗಿನಿಂದ ಎಳೆದದ್ದು. ದಿನಾ ಒಣಗಿದ ಮರದ ಸಟ್ಟುಗದಲ್ಲಿ ತಳದಿಂದ ಮೇಲಕ್ಕೆ ಕೈಯಾಡಿಸುತ್ತಾ ಹೋದರೆ ನೀರು ಏರುತ್ತದೆ, ಮಿಡಿ ಇಳಿಯುತ್ತದೆ. ಎಳೆ ಹಸಿರು ಮಾಸಿ ಎಣ್ಣೆಹಸಿರಾಗುತ್ತದೆ. ನುಣ್ಣಗಿದ್ದ ಸಿಪ್ಪೆ ಸುಕ್ಕುಗಟ್ಟುತ್ತದೆ. ಹತ್ತು ಹದಿನೈದು ದಿನಕ್ಕೆ ಕತ್ತಿನವರೆಗೆ ತುಂಬಿದ್ದ ಭರಣಿ ಮುಕ್ಕಾಲಿಗೆ ಬಂದಿರುತ್ತದೆ. ಆಗ ಒಂದು ಮಿಡಿ ತೆಗೆದು ಹಿಂಡಿ ನೋಡಿ. ಚಿರುಟಿಕೊಂಡು ಗಟ್ಟಿಯಾಗಿರಬೇಕು, ಹಲ್ಲಿಗೆ ಕಟುಮ್ ಅನ್ನಬೇಕು.

ಈ ಹದಿನೈದು ದಿನ ಪಾತ್ರೆಯ ಮೇಲೆ ಬೀಳುವ ಹೊಡೆತ ಸಣ್ಣದಲ್ಲ. ಒಳಗಿರುವುದು ಕಡು ಉಪ್ಪುನೀರು, ಜೊತೆಗೆ ಮಾವಿನ ಹುಳಿ, ಸೊನೆ. ಸ್ಟೀಲಿನಲ್ಲಿ ಇಟ್ಟರೆ ಉಪ್ಪು ಲೋಹವನ್ನು ಕೊರೆದು ಸಣ್ಣ ಸಣ್ಣ ಕಪ್ಪು ಚುಕ್ಕೆ ಬೀಳುತ್ತದೆ. ಅಲ್ಯೂಮಿನಿಯಂ ಹುಳಿಗೆ ಕರಗುತ್ತದೆ. ಪ್ಲಾಸ್ಟಿಕ್ ಡಬ್ಬ ಹಗುರ, ಅಗ್ಗ, ಒಡೆಯುವುದಿಲ್ಲ, ಎಲ್ಲ ನಿಜ. ಆದರೆ ಅದರ ಗೋಡೆಯಲ್ಲಿ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಒಮ್ಮೆ ಬೆಳ್ಳುಳ್ಳಿ ಉಪ್ಪಿನಕಾಯಿ ಇಟ್ಟ ಡಬ್ಬದ ವಾಸನೆ ಏನು ತಿಕ್ಕಿದರೂ ಹೋಗುವುದಿಲ್ಲ. ಚೀನಿ ಭರಣಿಯನ್ನು ಸುಮಾರು 1200 ಡಿಗ್ರಿ ಉರಿಯಲ್ಲಿ ಸುಟ್ಟಿರುತ್ತಾರೆ. ಮೈ ಪೂರ್ತಿ ಬಿಗಿದು, ಮೇಲಿನ ಮೆರುಗು ಗಾಜಿನ ಪದರವಾಗಿ ಕೂತಿರುತ್ತದೆ. ಒಳ್ಳೆಯ ಮೆರುಗಿಗೆ ಉಪ್ಪೂ ತಾಗುವುದಿಲ್ಲ, ಹುಳಿಯೂ ತಾಗುವುದಿಲ್ಲ. ಗೋಡೆ ದಪ್ಪ ಇರುವುದರಿಂದ ಬೆಳಕು ಒಳಗೆ ಬರುವುದಿಲ್ಲ, ಏಪ್ರಿಲ್ ಮಧ್ಯಾಹ್ನದ ಬಿಸಿಯೂ ಸುಲಭಕ್ಕೆ ಒಳಗೆ ಇಳಿಯುವುದಿಲ್ಲ.

ಇದೆಲ್ಲ ಒಳ್ಳೆಯ ಭರಣಿಯ ಮಾತು. ಪೇಟೆಯಲ್ಲಿ ಸಿಗುವುದೆಲ್ಲ ಒಳ್ಳೆಯದಲ್ಲ. ಬೆಂಗಳೂರಿನ ಒಂದು ಮೇಳದಲ್ಲಿ ನಮ್ಮ ಅತ್ತಿಗೆ ಚೆಂದ ಕಂಡಿತು ಅಂತ ನೀಲಿ ಭರಣಿಯೊಂದನ್ನು ತಂದುಕೊಟ್ಟರು. ಗಜನಿಂಬೆ ಹಾಕಿಟ್ಟೆವು. ಕೆಲವೇ ದಿನಕ್ಕೆ ಹೊರಮೈಯಲ್ಲಿ, ಹೊಟ್ಟೆಯ ಸುತ್ತ, ಬಿಳಿ ಪುಡಿ ಕಾಣಿಸಿಕೊಂಡಿತು. ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ. ನಾಲಿಗೆಗೆ ಮುಟ್ಟಿಸಿದರೆ ಉಪ್ಪು! ಮೆರುಗಿನಲ್ಲಿ ಕಣ್ಣಿಗೆ ಕಾಣದ ಬಿರುಕು, ಒಳಗೆ ಸರಿಯಾಗಿ ಬೇಯದ ಮಣ್ಣು. ಉಪ್ಪುನೀರು ಗೋಡೆಯೊಳಗೇ ನಡೆದು ಹೊರಗೆ ಬಂದು ಒಣಗುತ್ತಿತ್ತು. ನಿಂಬೆಯನ್ನು ಅದೇ ದಿನ ಬೇರೆಡೆಗೆ ಸಾಗಿಸಿದೆವು. ಮಾರಿದವರಿಗೆ ಫೋನ್ ಮಾಡಿದರೆ ‘ಅದು ಅಲಂಕಾರಕ್ಕೆ ಇಡುವ ಭರಣಿ’ ಅಂದರು. ಮಾರುವಾಗ ಆ ಮಾತು ಹೇಳಿರಲಿಲ್ಲ ಎನ್ನುವುದೇ ನನ್ನ ಸಿಟ್ಟು. ಊಟದ ಪದಾರ್ಥ ಇಡುವ ಪಾತ್ರೆ ಅಂತ ಮಾರುವವರು ಹೀಗೆ ಮಾಡಬಾರದು.

ಹಾಗಾಗಿ ಕೊಳ್ಳುವಾಗ ನಾಚಿಕೆ ಬಿಟ್ಟು ಪರೀಕ್ಷೆ ಮಾಡಿ. ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯ ಹಾಗೆ ಖಣ್ ಅನ್ನಬೇಕು. ಮಂದ ಸದ್ದು ಬಂದರೆ ಎಲ್ಲೋ ಸೀಳು ಇದೆ, ಪಕ್ಕಕ್ಕಿಡಿ. ಕೈಯನ್ನು ಪೂರ್ತಿ ಒಳಗೆ ಬಿಟ್ಟು ಗೋಡೆ ಸವರಿ. ಮೆರುಗು ತಳದ ಮೂಲೆಯವರೆಗೂ ಹರಿದಿರಬೇಕು. ಸೂಜಿಮೊನೆಯಷ್ಟು ತೂತು, ಮರಳಿನ ಒರಟು ಇದ್ದರೆ ಬೇಡ. ಕೈ ಒಳಗೆ ಹೋಗದಷ್ಟು ಬಾಯಿ ಸಣ್ಣದಿದ್ದರೆ ಅದೂ ಬೇಡ, ತೊಳೆಯುವುದು ಹೇಗೆ? ತಳದ ಅಡಿಯಲ್ಲಿ ಮೆರುಗಿಲ್ಲದ ಒಂದು ಉಂಗುರ ಕಾಣುತ್ತದೆ, ಅದು ದೋಷವಲ್ಲ. ಗೂಡಿನಲ್ಲಿ ಅಂಟಬಾರದು ಅಂತ ಬಿಟ್ಟಿರುತ್ತಾರೆ. ಒಳಮೈಗೆ ಬಣ್ಣ ಬಳಿದದ್ದನ್ನು ಮಾತ್ರ ಎಷ್ಟೇ ಚೆಂದ ಇದ್ದರೂ ತರಬೇಡಿ. ಕಳಪೆ ಮೆರುಗಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಹುಳಿ ಪದಾರ್ಥ ಆ ಸೀಸವನ್ನು ಎಳೆದುಕೊಳ್ಳುತ್ತದೆ. ಅಜ್ಜಿ ಕಾಲದ ಭರಣಿ ಅಟ್ಟದಲ್ಲಿ ಸಿಕ್ಕಿತು ಅಂತ ಖುಷಿಪಡುವವರಿಗೂ ಇದೇ ಮಾತು. ಒಳಗೆ ಜೇಡರ ಬಲೆಯಂಥ ಗೆರೆ ಬಿದ್ದಿದ್ದರೆ ಅದರಲ್ಲಿ ಅಕ್ಕಿ, ಬೇಳೆ ಇಡಿ. ಉಪ್ಪಿನಕಾಯಿ ಬೇಡ.

ಮನೆಗೆ ತಂದ ಮೇಲೆ ಇನ್ನೊಂದು ಕೆಲಸ ಇದೆ. ಹಳೆಯ ಪೇಪರ್ ಹಾಸಿ, ಅದರ ಮೇಲೆ ಭರಣಿ ಇಟ್ಟು, ಉಪ್ಪುನೀರು ತುಂಬಿ ಕೆಲವು ದಿನ ಬಿಡಿ. ಪೇಪರ್ ಒದ್ದೆಯಾಗದೆ, ಹೊರಮೈಯಲ್ಲಿ ಬಿಳುಪು ಏಳದೆ ಇದ್ದರೆ ಭರಣಿ ಪಾಸು. ಬಿಲ್ ಮಾತ್ರ ಅಲ್ಲಿಯವರೆಗೆ ಜೋಪಾನ.

ಆನ್‌ಲೈನ್‌ನಲ್ಲಿ ತರಿಸುವುದನ್ನು ನಾನು ಹೇಳುವುದಿಲ್ಲ. ತಟ್ಟಿ ನೋಡುವ ಹಾಗಿಲ್ಲ, ದಾರಿಯಲ್ಲಿ ಒಡೆಯುವುದೂ ಜಾಸ್ತಿ.

ಅಂಕ ಕೊಡಿ ಅಂದರೆ ನಮ್ಮ ಭರಣಿಗೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕದಲ್ಲಿ ಅರ್ಧ ಮುಚ್ಚಳಕ್ಕೆ. ಮುಚ್ಚಳ ಸುಮ್ನೆ ಮೇಲೆ ಕೂರುತ್ತದೆ, ಬಿಗಿಯುವುದಿಲ್ಲ. ಉಪ್ಪಿಗೆ ಹಾಕಿದ ಮೊದಲ ದಿನಗಳಲ್ಲಿ ಇದು ಒಳ್ಳೆಯದೇ, ಒಳಗೆ ಏಳುವ ಗಾಳಿ ಹೊರಗೆ ಹೋಗುತ್ತದೆ. ಆಮೇಲೆ ಮಾತ್ರ ಮಳೆಗಾಲದ ತೇವ ಒಳಗೆ ಹೋಗದ ಹಾಗೆ ನಾವೇ ನೋಡಿಕೊಳ್ಳಬೇಕು. ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಬಿಳಿ ಪಂಚೆ ತುಂಡನ್ನು ಎರಡು ಮಡಿಕೆ ಮಾಡಿ ಬಾಯಿಗೆ ಕಟ್ಟಿ, ಅದರ ಮೇಲೆ ಮುಚ್ಚಳ ಒತ್ತುತ್ತೇವೆ. ಆಷಾಢದ ಜಡಿಮಳೆಯಲ್ಲೂ ಬೂಸ್ಟು ಬಂದಿಲ್ಲ. ಇನ್ನರ್ಧ ಅಂಕ ಭಾರಕ್ಕೆ. ತುಂಬಿದ 10 ಲೀಟರಿನ ಭರಣಿಯನ್ನು ಒಬ್ಬರೇ ಎತ್ತುವುದು ಕಷ್ಟ, ಕೈಜಾರಿದರೆ ವರ್ಷದ ಉಪ್ಪಿನಕಾಯಿ ನೆಲದ ಪಾಲು. ವಯಸ್ಸಾದವರು ಇಬ್ಬರೇ ಇರುವ ಮನೆಯಾದರೆ 5 ಲೀಟರಿನವು ಎರಡು ತನ್ನಿ.

ಖಾರ ಅರೆಯುವುದು ಮನೆಮನೆಗೆ ಬೇರೆ. ನಮ್ಮಲ್ಲಿ ಬಣ್ಣಕ್ಕೆ ಬ್ಯಾಡಗಿ ಮೆಣಸು, ಖಾರಕ್ಕೆ ಸ್ವಲ್ಪ ಗುಂಟೂರು, ಹಸಿ ಸಾಸಿವೆ, ಅರಿಶಿನ. ಮಿಡಿ ಬಿಟ್ಟ ಉಪ್ಪುನೀರನ್ನೇ ಸೋಸಿ, ಕುದಿಸಿ, ಪೂರ್ತಿ ಆರಿದ ಮೇಲೆ ಅದರಲ್ಲೇ ಅರೆಯುತ್ತೇವೆ. ಹೊಸ ನೀರು ಒಂದು ಚಮಚವೂ ಇಲ್ಲ. ಸಾಸಿವೆಯ ಘಾಟು ರುಚಿಗಷ್ಟೇ ಅಲ್ಲ, ಬೂಸ್ಟನ್ನೂ ತಡೆಯುತ್ತದೆ. ಭರಣಿಗೆ ಮೊದಲು ಇಂಗಿನ ಹೊಗೆ ಹಾಕುತ್ತೇವೆ. ಕೆಂಡದ ಮೇಲೆ ಚಿಟಿಕೆ ಇಂಗು ಉದುರಿಸಿ, ಒಣಗಿದ ಭರಣಿಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಬೋರಲು ಹಿಡಿದರೆ ಸಾಕು. ಒಂದು ಎಚ್ಚರಿಕೆ: ತಣ್ಣಗಿನ ಭರಣಿಗೆ ಕುದಿಯುವ ನೀರನ್ನು ಒಮ್ಮೆಲೇ ಸುರಿಯಬೇಡಿ, ಸೀಳುತ್ತದೆ. ಬೆಚ್ಚಗಿನ ನೀರಿನಲ್ಲಿ ತೊಳೆದು ಬಿಸಿಲಿಗಿಡಿ.

ದಿನಬಳಕೆಗೆ ಇದೇ ಭರಣಿಗೆ ಕೈ ಹಾಕಬೇಡಿ. ತಿಂಗಳಿಗೆ ಬೇಕಾದಷ್ಟನ್ನು ಸಣ್ಣ ಜಾಡಿಗೆ ತೆಗೆದುಕೊಂಡು ದೊಡ್ಡದನ್ನು ಮತ್ತೆ ಕಟ್ಟಿಬಿಡಿ. ಸ್ವಲ್ಪ ಮಿಡಿಯನ್ನು ಖಾರ ಹಾಕದೆ ಉಪ್ಪಿನಲ್ಲೇ ಉಳಿಸಿ. ಮಳೆಗಾಲದಲ್ಲಿ ಅಪ್ಪೆಹುಳಿಗೆ, ಅಂದರೆ ಮಾವಿನ ಹುಳಿಯ ತಿಳಿಸಾರಿಗೆ, ಅದೇ ಬೇಕು.

ಮಿಡಿ ಮುಗಿಯಿತು ಅನ್ನುವಷ್ಟರಲ್ಲಿ ಹಲಸು ಶುರು. ಮೇ, ಜೂನ್‌ನಲ್ಲಿ ಹಲಸಿನಕಾಯಿ ತಿನ್ನುವವರೇ ಇಲ್ಲದೆ ಬಿದ್ದು ಕೊಳೆಯುತ್ತದೆ. ಬಲಿತ ಕಾಯಿಯ ಸೊಳೆ ಬಿಡಿಸಿ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿಟ್ಟರೆ ಉಪ್ಪುಸೊಳೆ. ಇದಕ್ಕೆ 5 ಲೀಟರಿನ ಇನ್ನೊಂದು ಭರಣಿ ಇಟ್ಟಿದ್ದೇವೆ. ಸೊಳೆ ಉಪ್ಪುನೀರಿನ ಮೇಲೆ ತೇಲಿದರೆ ಬಿಳಿ ಹಾವಸೆ ಕಟ್ಟುತ್ತದೆ. ಅದಕ್ಕೆ ಚೀನಿ ತಟ್ಟೆಯೊಂದನ್ನು ಬೋರಲು ಹಾಕಿ, ತೊಳೆದ ಹೊಳೆಕಲ್ಲು ಹೇರಬೇಕು. ಭರಣಿಯ ಬಾಯಿ ಅಗಲ ಇರಬೇಕು ಅಂದೆನಲ್ಲ, ಈ ತಟ್ಟೆ ಹೋಗುವುದಕ್ಕೂ ಅದು ಬೇಕು. ಶ್ರಾವಣದಲ್ಲಿ ಸೊಳೆ ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಿದರೆ, ತರಕಾರಿ ಸಿಗದ ದಿನಗಳಲ್ಲಿ ಅದಕ್ಕಿಂತ ರುಚಿ ಇನ್ಯಾವುದಿದೆ!

ಇನ್ನು ಗಾಜಿನ ಬಾಟಲಿ. ಬೇಯಿಸಿ ಇಡುವ ಚಟ್ನಿ, ಗೊಜ್ಜು, ತೊಕ್ಕಿಗೆಲ್ಲ ಗಾಜೇ ಸರಿ. ಬಿಂಬುಳಿ ಕಾಂಡದ ತುಂಬಾ ಗೊಂಚಲು ಬಿಡುವಾಗ, ಅಮಟೆಕಾಯಿ ಅಂಗಳದ ತುಂಬಾ ಬೀಳುವಾಗ, ಟೊಮೇಟೊ ಒಟ್ಟಿಗೇ ಹಣ್ಣಾದಾಗ ಬೆಲ್ಲ, ಉಪ್ಪು, ಖಾರ ಹಾಕಿ ಗಟ್ಟಿಯಾಗಿ ಕುದಿಸಿ, ಬಿಸಿ ಇರುವಾಗಲೇ ಬಿಸಿ ಬಾಟಲಿಗೆ ತುಂಬಿ ಮುಚ್ಚುತ್ತೇವೆ. ಬಾಟಲಿ ಸಣ್ಣದಿರಲಿ, 250 ಮಿಲಿ ಸಾಕು. ತೆರೆದದ್ದು ಬೇಗ ಮುಗಿಯಬೇಕು, ಮುಗಿಯುವವರೆಗೆ ಫ್ರಿಜ್‌ನಲ್ಲಿರಬೇಕು. ಇವುಗಳ ತೊಂದರೆಯೂ ಮುಚ್ಚಳವೇ. ತಗಡಿನ ಮುಚ್ಚಳವನ್ನು ಉಪ್ಪು ತುಕ್ಕು ಹಿಡಿಸುತ್ತದೆ. ಬಾಟಲಿ ವರ್ಷಗಟ್ಟಲೆ ಬಾಳುತ್ತದೆ, ಮುಚ್ಚಳ ಮಾತ್ರ ಪ್ರತಿ ಸಲ ಹೊಸದಿರಲಿ.

ಗಾಳಿ ಆಡದ ಹಾಗೆ ಮುಚ್ಚಿದ್ದೇವೆ, ಇನ್ನೇನು ಭಯ ಅಂದುಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು. ಹುಳಿ ಕಡಿಮೆ ಇರುವ ಪದಾರ್ಥಕ್ಕೆ ಗಾಳಿ ಇಲ್ಲದ ಬಾಟಲಿಯೇ ಅಪಾಯ. ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಅಂಥಲ್ಲೇ ಬೆಳೆದು ವಿಷ ಮಾಡುತ್ತದೆ. ಬಣ್ಣ, ವಾಸನೆ ನೋಡಿ ಅದನ್ನು ಕಂಡುಹಿಡಿಯುವ ಹಾಗಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಹುಳಿ ಸಾಕಷ್ಟಿದ್ದರೆ, ಅದು ಬೆಳೆಯುವುದಿಲ್ಲ. ಬಿಂಬುಳಿ, ಅಮಟೆ, ಮಾವಿನಕಾಯಿ ತಾವೇ ಹುಳಿ. ಟೊಮೇಟೊ ಗಡಿಯಲ್ಲಿದೆ, ಅದಕ್ಕೆ ನಿಂಬೆರಸ ಸೇರಿಸಿ. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿ, ತೆಂಗಿನಕಾಯಿ ಚಟ್ನಿ ಇವನ್ನೆಲ್ಲ ಬಾಟಲಿ ಕಟ್ಟಿ ಶೆಲ್ಫಿನಲ್ಲಿ ಇಡಲೇಬೇಡಿ. ಪರವೂರಿನ ಮಕ್ಕಳಿಗೆ ಕಟ್ಟಿ ಕೊಡುವ ಉತ್ಸಾಹದಲ್ಲಿ ಇದು ಮರೆತುಹೋಗುತ್ತದೆ, ಅಲ್ವಾ?

ಬೆಲೆ ಊರಿಂದ ಊರಿಗೆ, ಗಾತ್ರದಿಂದ ಗಾತ್ರಕ್ಕೆ ಬದಲಾಗುತ್ತದೆ. ಪ್ಲಾಸ್ಟಿಕ್ ಡಬ್ಬಕ್ಕಿಂತ ಹಲವು ಪಟ್ಟು ಜಾಸ್ತಿಯೇ ಇರುತ್ತದೆ. ಮಿಡಿ ಕಾಲ ಶುರುವಾದ ಮೇಲೆ ಹೋದರೆ ಒಳ್ಳೆಯ ಭರಣಿಗಳೆಲ್ಲ ಖಾಲಿಯಾಗಿರುತ್ತವೆ. ಸಂಕ್ರಾಂತಿ ಕಳೆಯುತ್ತಿದ್ದಂತೆ ಹೋಗಿ, ನಾಲ್ಕೈದನ್ನು ತಟ್ಟಿ ನೋಡಿ ಆರಿಸಿ. ಬರುವಾಗ ಅದೇ ಅಳತೆಯ ಇನ್ನೊಂದು ಮುಚ್ಚಳ ಕೇಳಿ. ಕೆಲವು ಅಂಗಡಿಯವರು ಭರಣಿ ಒಡೆದು ಉಳಿದ ಮುಚ್ಚಳಗಳನ್ನು ಒಳಗೆ ಪೇರಿಸಿಟ್ಟಿರುತ್ತಾರೆ, ಕೇಳಿದರೆ ಕಡಿಮೆ ದುಡ್ಡಿಗೆ ಕೊಡುತ್ತಾರೆ.