ಕೊಡಗಿನ ಬೆಟ್ಟಸಾಲಿಗೆ ಕ್ಯಾಸ್ಟೆಲ್ 9000 ಪೆನ್ಸಿಲ್‌ಗಳು

ಭೂದೃಶ್ಯ ಚಿತ್ರಿಸಲೆಂದು ಪೆನ್ಸಿಲ್ ಕೊಳ್ಳುವವರು ಸಾಮಾನ್ಯವಾಗಿ ಅದು ಎಷ್ಟು ಕಪ್ಪಾಗಿ ಮೂಡುತ್ತದೆ ಎಂಬುದನ್ನೇ ಮೊದಲು ನೋಡುತ್ತಾರೆ. ಕೊಡಗಿನಲ್ಲಿ ಕುಳಿತು ಚಿತ್ರಿಸುವವರಿಗೆ ಗಟ್ಟಿ, ತಿಳಿ ದರ್ಜೆಗಳೇ ಹೆಚ್ಚು ಮುಖ್ಯವೆಂದು ನನ್ನ ಖಚಿತ ಅಭಿಪ್ರಾಯ. ಫೇಬರ್-ಕ್ಯಾಸ್ಟೆಲ್ ಕಂಪನಿಯ ಕ್ಯಾಸ್ಟೆಲ್ 9000 ಸರಣಿಯ ಹನ್ನೆರಡು ಪೆನ್ಸಿಲ್‌ಗಳ ತಗಡಿನ ಪೆಟ್ಟಿಗೆಯನ್ನು ನಾನು ಮೆಚ್ಚುವುದೂ ಈ ಕಾರಣಕ್ಕಾಗಿಯೇ.

1905ರಲ್ಲಿ ಮಾರುಕಟ್ಟೆಗೆ ಬಂದ ಈ ಹಸಿರು ಪೆನ್ಸಿಲ್‌ಗಳ ಪೆಟ್ಟಿಗೆಯಲ್ಲಿ ಅತಿ ಗಟ್ಟಿಯಾದ 2ಎಚ್‌ನಿಂದ ಅತಿ ಮೆದುವಾದ 8ಬಿವರೆಗಿನ ದರ್ಜೆಗಳಿವೆ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಹೆಚ್ಚು ಬೆರೆತಷ್ಟೂ ಕಡ್ಡಿ ಗಟ್ಟಿಯಾಗಿ ಗೆರೆ ತಿಳಿಯಾಗುತ್ತದೆ, ಕಡಿಮೆಯಾದಷ್ಟೂ ಕಡ್ಡಿ ಮೆದುವಾಗಿ ಗೆರೆ ಕಪ್ಪಾಗುತ್ತದೆ. ಫ್ರಾನ್ಸಿನ ನಿಕೊಲಾ-ಜಾಕ್ ಕೋಂಟೆ 1795ರಲ್ಲಿ ಪೇಟೆಂಟ್ ಪಡೆದ ವಿಧಾನವಿದು.

ಮಾಂದಲ್‌ಪಟ್ಟಿಯಿಂದ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ ಕಾಣುತ್ತದೆ. ಗಾಳಿಯಲ್ಲಿರುವ ನೀರಿನ ಕಣಗಳು ಬೆಳಕನ್ನು ಚದುರಿಸುವುದರಿಂದ ದೂರ ಹೆಚ್ಚಿದಂತೆಲ್ಲ ಪ್ರತಿಯೊಂದು ಸಾಲೂ ಇನ್ನಷ್ಟು ಬಿಳಿಚಿಕೊಳ್ಳುತ್ತದೆ, ಕೊನೆಯದು ಆಕಾಶದಿಂದ ಬೇರ್ಪಡುವುದೇ ಕಷ್ಟ. ಆ ಕೊನೆಯ ಸಾಲನ್ನು 2ಎಚ್ ಪೆನ್ಸಿಲನ್ನು ಹಿಂದಕ್ಕೆ ಹಿಡಿದು, ಕೈಭಾರ ಹಾಕದೆ, ಬದಿಯಿಂದ ಸವರಿ ಮೂಡಿಸಬಹುದು. ಅದರ ಮುಂದಿನ ಸಾಲುಗಳಿಗೆ ಎಚ್, ಎಫ್, ಎಚ್‌ಬಿ ಕ್ರಮವಾಗಿ ಒದಗುತ್ತವೆ. ದರ್ಜೆಯಿಂದ ದರ್ಜೆಗೆ ಛಾಯೆ ಎಲ್ಲಿಯೂ ಜಿಗಿಯದೆ ಏರುವುದೇ ಈ ಪೆಟ್ಟಿಗೆಯ ನಿಜವಾದ ಹಿರಿಮೆ. ಕಣಿವೆಯಲ್ಲಿ ನಿಂತ ಮಂಜಿಗೆ ಮಾತ್ರ ಯಾವ ಪೆನ್ಸಿಲೂ ಬೇಡ, ಕಾಗದವನ್ನು ಹಾಗೆಯೇ ಬಿಡಬೇಕು.

ಮುನ್ನೆಲೆಯ ಸಿಲ್ವರ್ ಓಕ್ ಮರಗಳಿಗೂ ಕಾಫಿ ಗಿಡಗಳ ಬುಡದ ನೆರಳಿಗೂ 4ಬಿ, 6ಬಿ ಸಾಕಾಗುತ್ತವೆ. ಒತ್ತಿ ತಿಕ್ಕಿದರೆ ಗ್ರಾಫೈಟ್‌ನ ಪದರಗಳು ನುಣುಪಾಗಿ ಹೊಳೆಯತೊಡಗಿ, ಅತಿ ಕಪ್ಪಾಗಬೇಕಾದ ಜಾಗವೇ ಬೆಳಕಿಗೆ ಬೂದಾಗಿ ಕಾಣುತ್ತದೆ. ಇದು ಗ್ರಾಫೈಟ್‌ನ ಸಹಜ ಗುಣವಾದ್ದರಿಂದ ಹೊಳಪಿಲ್ಲದ ಗಾಢ ಕಪ್ಪು ಬೇಕಾದವರು ಇದ್ದಿಲಿನ ಪೆನ್ಸಿಲೊಂದನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಮಳೆಗಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿನ ತೇವವನ್ನು ಹೀರಿ ಮೆತ್ತಗಾದ ಕಾಗದದ ಮೇಲೆ 2ಎಚ್‌ನ ಚೂಪು ಮೊನೆ ಗೀರು ಕೊರೆಯುತ್ತದೆ, ಆಮೇಲೆ ಎಷ್ಟು ಛಾಯೆ ತುಂಬಿದರೂ ಆ ಗೀರುಗಳು ಬಿಳಿಯಾಗಿಯೇ ಉಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊನೆಯನ್ನು ಸ್ವಲ್ಪ ಮೊಂಡಾಗಿಸಿಕೊಂಡು, ದಪ್ಪ ಕಾಗದವನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೊರಡಿ.

ಪೂರ್ತಿ ಪೆಟ್ಟಿಗೆಯ ಬೆಲೆ ಭಾರವೆನಿಸಿದರೆ 2ಎಚ್, ಎಫ್, ಎಚ್‌ಬಿ, 2ಬಿ, 6ಬಿ ಐದನ್ನು ಬಿಡಿಯಾಗಿ ಕೊಂಡರೂ ಇಲ್ಲಿನ ಬೆಟ್ಟಗಳನ್ನು ಚಿತ್ರಿಸಲು ಯಾವ ಕೊರತೆಯೂ ಆಗದು.