ಅಪ್ಪಂದಿರನ್ನೂ ಲೆಕ್ಕಕ್ಕೆ ಹಿಡಿದ ಮಡಿಕೇರಿಯ ಒಂದು ಶಿಶುಪಾಲನಾ ಕೇಂದ್ರ

ನಮ್ಮ ಮಗಳು ಹೋಗುವ ಮಡಿಕೇರಿಯ ಈ ಪುಟ್ಟ ಶಿಶುಪಾಲನಾ ಕೇಂದ್ರದಲ್ಲಿ ಕೋಣೆಗಳು ಬೆಚ್ಚಗಿವೆ, ಊಟ ಶುಚಿಯಾಗಿದೆ, ಆಯಾಗಳು ತಾಳ್ಮೆಯವರು. ಇಷ್ಟನ್ನು ಬೇರೆ ಕಡೆಯೂ ಕಾಣಬಹುದು. ಬೇರೆ ಕಡೆ ನಾನು ಕಾಣದ್ದು ಇಲ್ಲಿನ ಸಂಜೆಯ ಒಂದು ನಿಯಮ: ಮಗುವನ್ನು ಕರೆದೊಯ್ಯಲು ಬಂದ ಅಪ್ಪ ಮೊಬೈಲನ್ನು ಬಾಗಿಲ ಬಳಿಯೇ ಇಟ್ಟು ಒಳಗೆ ಬಂದು, ಮಗು ಆಡುತ್ತಿರುವ ಆಟದಲ್ಲಿ ಸ್ವಲ್ಪ ಹೊತ್ತು ತಾನೂ ಸೇರಿ, ಆಮೇಲೆ ಮನೆಗೆ ಹೊರಡಬೇಕು. ಬ್ಯಾಂಕಿನವರಿಗೂ ತೋಟದ ರೈಟರಿಗೂ ಜೀಪು ಓಡಿಸುವವರಿಗೂ ಇದರಲ್ಲಿ ವಿನಾಯಿತಿಯಿಲ್ಲ.

ಈ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅಮೆರಿಕದ ಸ್ಟೀವರ್ಟ್ ಫ್ರೀಡ್‌ಮನ್ ಮತ್ತು ಜೆಫ್ರಿ ಗ್ರೀನ್‌ಹಾಸ್ ಸುಮಾರು 900 ಉದ್ಯೋಗಸ್ಥರ ಬದುಕನ್ನು ಅಧ್ಯಯನ ಮಾಡಿದಾಗ, ಮಕ್ಕಳ ನಡವಳಿಕೆ ಮತ್ತು ಮಾನಸಿಕ ಆರೋಗ್ಯಕ್ಕೆ ಸಂಬಂಧ ಕಂಡುಬಂದದ್ದು ಹೆತ್ತವರು ದುಡಿದ ಗಂಟೆಗಳ ಜೊತೆಗಲ್ಲ, ಮನೆಗೆ ಬಂದ ಮೇಲೂ ಅಪ್ಪನ ಮನಸ್ಸು ಕೆಲಸದಲ್ಲೇ ಸಿಕ್ಕಿಕೊಂಡಿತ್ತೇ ಎಂಬುದರ ಜೊತೆಗೆ. ನಾರ್ವೆ 1993ರಲ್ಲಿ ಪೋಷಕರ ರಜೆಯ 4 ವಾರಗಳನ್ನು ಅಪ್ಪಂದಿರಿಗೇ ಮೀಸಲಿಟ್ಟಿತು. ಆ ಮಕ್ಕಳು ಹತ್ತನೆಯ ತರಗತಿ ಮುಗಿಸುವಾಗ, ತಾಯಿಗಿಂತ ತಂದೆ ಹೆಚ್ಚು ಓದಿದ್ದ ಮನೆಗಳಲ್ಲಿ ಅಂಕಗಳು ಸುಧಾರಿಸಿದ್ದನ್ನು ಅಲ್ಲಿನ ಅರ್ಥಶಾಸ್ತ್ರಜ್ಞರು ಗುರುತಿಸಿದರು. ನಮ್ಮಲ್ಲಿ ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಸಿಗುವ ಪಿತೃತ್ವ ರಜೆ 15 ದಿನ; ಖಾಸಗಿ ಕೆಲಸದವರು ಮಾಲೀಕರ ಮರ್ಜಿ ಕಾಯಬೇಕು. 1951ರ ತೋಟ ಕಾರ್ಮಿಕರ ಕಾಯ್ದೆಯೂ ಶಿಶುಗೃಹ ಬೇಕೋ ಬೇಡವೋ ಎಂಬುದನ್ನು ಹೆಣ್ಣಾಳುಗಳ ಸಂಖ್ಯೆಯಿಂದಲೇ ಅಳೆಯಿತು. ಹೀಗಿರುವಾಗ ಕೇಂದ್ರವೊಂದು ತಾನಾಗಿಯೇ ಅಪ್ಪನನ್ನು ಒಳಗೆ ಕರೆಯುವುದು ಸಣ್ಣ ಮಾತಲ್ಲ.

ಸೈನ್ಯದಲ್ಲಿರುವ ಅಪ್ಪಂದಿರು ಕೊಡಗಿನಲ್ಲಿ ಬಹಳ. ಅವರಿಗಾಗಿ ವಾರಕ್ಕೊಮ್ಮೆ ವಿಡಿಯೋ ಕರೆಯ ಏರ್ಪಾಡಿದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಟ್ಟರೆ, ಮಗುವಿನ ಮಾತನ್ನು ಧ್ವನಿಮುದ್ರಿಸಿ ಆಮೇಲೆ ಕಳುಹಿಸುತ್ತಾರೆ.

ಕೊರತೆಗಳೂ ಇವೆ. ಮಗುವಿನ ಬೆಳವಣಿಗೆ ಕುರಿತ ತಿಂಗಳ ಸಭೆಯನ್ನು ಬೆಳಿಗ್ಗೆ 11 ಗಂಟೆಗೆ ಇಟ್ಟು, ಆಹ್ವಾನವನ್ನು ತಾಯಂದಿರಿಗಷ್ಟೇ ಕಳುಹಿಸುತ್ತಾರೆ. ಸಂಜೆಯ ನಿಯಮಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ. ಜಿಲ್ಲಾಡಳಿತ ಶಾಲೆಗಳಿಗೆ ಮಳೆ ರಜೆ ಘೋಷಿಸಿದ ದಿನ ಕೇಂದ್ರವೂ ಮುಚ್ಚಿರುತ್ತದೆ, ಕಚೇರಿಗಳು ಮಾತ್ರ ತೆರೆದಿರುತ್ತವೆ. ಅಂಥ ದಿನಗಳಲ್ಲಿ ಒಬ್ಬ ಆಯಾ ಆದರೂ ಇರುವಂತೆ ಮಾಡಬೇಕೆಂದು ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬಾಗಿಲು ಬೆಳಿಗ್ಗೆ 7ಕ್ಕೇ ತೆರೆಯುವುದರಿಂದ ತೋಟದವರ ಮಕ್ಕಳೇ ತುಂಬಿಬಿಡುತ್ತಾರೆ. ಸೇರಿಸುವ ಯೋಚನೆಯುಳ್ಳವರು ಅದಕ್ಕೆ ಮೊದಲೇ ಹೋಗಿ ವಿಚಾರಿಸಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಹೋಗಿ.