ಪಿನ್ಯಾ ಕೊಲಾಡಾ ಹಾಡು: ಮೂರನೇ ಪಲ್ಲವಿಯ ತನಕ ಕೇಳಬೇಕಾದದ್ದು

ಗಾಯಕ, ಗೀತರಚನಕಾರ ರೂಪರ್ಟ್ ಹೋಮ್ಸ್ ಅವರ ಇಂಗ್ಲಿಷ್ ಹಾಡು ‘ಎಸ್ಕೇಪ್’, ಪಿನ್ಯಾ ಕೊಲಾಡಾ ಎಂಬ ಪಾನೀಯದ ಹೆಸರಿನಿಂದಲೂ ಗೊತ್ತಿರುವಂಥದ್ದು. ಅದನ್ನು ಬಹಳ ಜನ ಅರ್ಧಂಬರ್ಧ ಕೇಳಿರುತ್ತಾರೆ. ಪಲ್ಲವಿ ಬಾಯಿಗೆ ಹತ್ತುತ್ತದೆ. ಮಳೆ, ಮರಳದಿಬ್ಬ, ಮಧ್ಯರಾತ್ರಿ ಎಲ್ಲ ಇರುವುದರಿಂದ ರಜೆಯ ಹಾಡೆಂದುಕೊಂಡು ಗುನುಗುತ್ತಾರೆ. ಚರಣಗಳನ್ನು ಬಿಟ್ಟರೆ ಇದರ ಹಾಸ್ಯವೇ ಕೈತಪ್ಪುತ್ತದೆ.

ಕತೆ ಇಷ್ಟು: ಸಂಗಾತಿಯೊಂದಿಗಿನ ಬಾಳು ಸಪ್ಪೆಯಾದವನೊಬ್ಬ, ಅವಳು ಮಲಗಿರುವಾಗ ಪತ್ರಿಕೆಯಲ್ಲಿ ಒಡನಾಡಿ ಬೇಕೆನ್ನುವವರ ಖಾಸಗಿ ಜಾಹೀರಾತು ಓದುತ್ತಾನೆ. ಅದರಲ್ಲೊಬ್ಬಳು ‘ನಿಮಗೆ ಪಿನ್ಯಾ ಕೊಲಾಡಾ ಇಷ್ಟವಿದ್ದರೆ, ಮಳೆಯಲ್ಲಿ ನೆನೆಯುವುದು ಇಷ್ಟವಿದ್ದರೆ’ ಎನ್ನುತ್ತ ತನ್ನ ಇಷ್ಟಾನಿಷ್ಟಗಳನ್ನು ಪಟ್ಟಿ ಮಾಡಿದ್ದಾಳೆ. ಇವನೂ ಜಾಹೀರಾತಿನಲ್ಲೇ ಉತ್ತರ ಕೊಟ್ಟು, ಮರುದಿನ ಮಧ್ಯಾಹ್ನ ಬಾರೊಂದರಲ್ಲಿ ಸಿಗೋಣ ಎನ್ನುತ್ತಾನೆ. ಅಲ್ಲಿಗೆ ಬಂದವಳು ಅವನ ಸಂಗಾತಿಯೇ.

ಹೋಮ್ಸ್ ಅವರ ಕೈಚಳಕವೆಲ್ಲ ಪಲ್ಲವಿಯಲ್ಲಿದೆ. ಒಂದೇ ಧಾಟಿ, ಆದರೆ ಮಾತನಾಡುವವರು ಬೇರೆ. ಮೊದಲ ಸಲ ಅದು ಅವಳ ಜಾಹೀರಾತು, ಎರಡನೇ ಸಲ ಅವನ ಉತ್ತರ, ಮೂರನೇ ಸಲ ಅವನು ಅವಳಿಗೆ ಎದುರಾಎದುರು ಹೇಳುವ ಮಾತು. ಊರಿಗೆಲ್ಲ ಹೇಳಿದ್ದ ಮಾತಿಗೆ ಕೊನೆಯಲ್ಲಿ ಕಿವಿಗೊಡುವವಳು ಒಬ್ಬಳೇ. ಇಂಗ್ಲಿಷಿನ ‘ಯು’ ಎಲ್ಲಿಯೂ ಬದಲಾಗುವುದಿಲ್ಲ. ಕನ್ನಡಕ್ಕೆ ತರಲು ಹೊರಟರೆ ಜಾಹೀರಾತಿನ ‘ನಿಮಗೆ’ ಕೊನೆಗೆ ‘ನಿನಗೆ’ ಆಗಲೇಬೇಕು. ಆ ಒಂದು ಅಕ್ಷರದಲ್ಲೇ ಇಡೀ ಕತೆ ತಿರುಗುತ್ತದೆ. ಪ್ರಯತ್ನಿಸುವವರಿಗೆ ಇದು ಒಳ್ಳೆಯ ಆಸರೆ.

ಮೊದಲ ಕರಡಿನಲ್ಲಿ ಪಿನ್ಯಾ ಕೊಲಾಡಾದ ಜಾಗದಲ್ಲಿ ಇದ್ದದ್ದು ನಟ ಹಂಫ್ರಿ ಬೋಗಾರ್ಟ್ ಹೆಸರು. ಬದಲಾಯಿಸಿದ್ದು ಸರಿಯಾಯಿತು. ರಮ್, ತೆಂಗಿನ ಕ್ರೀಮ್, ಅನಾನಸ್ ರಸದ ಆ ಪಾನೀಯ ಹೆಸರಿನಲ್ಲೇ ತಪ್ಪಿಸಿಕೊಂಡು ಹೋಗುವ ಆಸೆಯನ್ನು ಹೇಳುತ್ತದೆ. ಜೊತೆಗೆ, ಒಂದೇ ಮನೆಯಲ್ಲಿದ್ದೂ ಗೊತ್ತಿಲ್ಲದೆ ಉಳಿಯಬಹುದಾದಷ್ಟು ಚಿಕ್ಕ ಸಂಗತಿ ಅದು. ಜನ ಪಾನೀಯದ ಹೆಸರಿನಿಂದಲೇ ಹಾಡನ್ನು ಕೇಳತೊಡಗಿದ್ದರಿಂದ ಶೀರ್ಷಿಕೆಗೆ ಅದೂ ಸೇರಿತು. ಹಾಡು 1979ರ ಡಿಸೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನಕ್ಕೇರಿ, 1980ರ ಜನವರಿಯಲ್ಲಿ ಮತ್ತೆ ಅಲ್ಲಿಗೆ ಮರಳಿತು.

ಕೊರತೆಯೂ ಇದೆ, ಸಣ್ಣದಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಹೊರಟವರು. ತಪ್ಪು ಸಮಸಮವಾಗಿರುವುದರಿಂದ ಜಗಳ ಹುಟ್ಟುವುದಿಲ್ಲ ಎಂಬ ಲೆಕ್ಕ ಜಾಣತನದ್ದೇ. ಆದರೆ ಅಷ್ಟು ದೊಡ್ಡ ವಿಷಯವನ್ನು ಒಂದು ನಗುವಿನಲ್ಲಿ ತೀರಿಸಿ, ಪಲ್ಲವಿಯನ್ನೇ ಮತ್ತೆ ಮತ್ತೆ ಹಾಡುತ್ತ ದನಿ ಕುಗ್ಗಿಸಿಬಿಡುತ್ತಾರೆ. ಅವಳಿಗೆ ಏಕೆ ಬೇಸರವಾಗಿತ್ತು ಎಂಬುದು ಬರುವುದೇ ಇಲ್ಲ. ಭೇಟಿಯಲ್ಲಿ ಅವಳ ಪಾಲಿಗೆ ಸಿಕ್ಕಿದ್ದು ಒಂದು ಪುಟ್ಟ ಉದ್ಗಾರ. ಅವಳಿಗಾಗಿ ಇನ್ನು ನಾಲ್ಕು ಸಾಲು ಇದ್ದಿದ್ದರೆ ಹಾಡು ಬೇರೆಯೇ ಎತ್ತರದಲ್ಲಿ ನಿಲ್ಲುತ್ತಿತ್ತು.

ಕೇಳುವವರು ‘ಪಾರ್ಟ್‌ನರ್ಸ್ ಇನ್ ಕ್ರೈಮ್’ ಆಲ್ಬಮ್‌ನ ಪೂರ್ಣ ಆವೃತ್ತಿ ಹುಡುಕಿ. ಸುಮಾರು ನಾಲ್ಕೂವರೆ ನಿಮಿಷ. ಪಲ್ಲವಿಯನ್ನಷ್ಟೇ ಕತ್ತರಿಸಿಟ್ಟ ತುಣುಕುಗಳಲ್ಲಿ ಕತೆ ಸಿಗದು.

ಕರೋಕೆಯಲ್ಲಿ ಹಾಡುವವರು ಎಡವುವುದು ಚರಣದಲ್ಲಿ. ಅಲ್ಲಿ ಪದಗಳು ಒತ್ತೊತ್ತಾಗಿವೆ. ಉಸಿರು ಸಾಲದೆ ಸಾಲಿನ ಕೊನೆ ನುಂಗಿಹೋಗುತ್ತದೆ, ಕತೆಯ ಸುಳಿವು ಇರುವುದೂ ಆ ಕೊನೆಯಲ್ಲೇ. ಪ್ರತಿ ಸಾಲಿಗೂ ಮೊದಲೇ ಉಸಿರು ತುಂಬಿಕೊಂಡು, ರಾಗ ಎಳೆಯದೆ, ಸ್ನೇಹಿತನಿಗೆ ಸುದ್ದಿ ಹೇಳುವಂತೆ ಹಾಡಿ. ಮೂರನೇ ಚರಣದಲ್ಲಿ ಅವಳು ಒಳಗೆ ಬರುವ ಮುಂಚೆ ದನಿಯಲ್ಲಿ ನಗು ಇಣುಕಕೂಡದು. ಅವಳ ಉದ್ಗಾರ ಮುಗಿದ ಮೇಲೆ ನಗಬಹುದು.